8×42 ಬೈನಾಕ್ಯುಲರ್: ತುಮಕೂರಿನ ಕೆರೆಗಳಲ್ಲಿ 14 ತಿಂಗಳು

ಈ ಬೈನಾಕ್ಯುಲರ್ ತಗೊಂಡು 14 ತಿಂಗಳಾಯಿತು. ತಗೊಂಡ ವಾರವೇ ಬರೆಯೋಣ ಅನ್ನಿಸಿತ್ತು. ಆದರೆ ಹೊಸ ಬಟ್ಟೆಯ ಗುಣ ಮೊದಲ ದಿನ ಗೊತ್ತಾಗಲ್ಲ, ನಾಲ್ಕು ಸಾರಿ ಒಗೆದ ಮೇಲೆ ಗೊತ್ತಾಗೋದು. ನಾನು ಟೈಲರ್. ತುಮಕೂರಿನ ಚಿಕ್ಕಪೇಟೆಯಲ್ಲಿ 27 ವರ್ಷದಿಂದ ಪ್ಯಾಂಟು, ಶರ್ಟು, ಸ್ಕೂಲ್ ಯೂನಿಫಾರಂ ಹೊಲಿಯುತ್ತಿದ್ದೇನೆ. ಅದಕ್ಕೇ ಒಂದು ಚಳಿಗಾಲ, ಒಂದು ಬೇಸಿಗೆ, ಎರಡು ಮಳೆಗಾಲ ಇದನ್ನು ಹಾಕಿಕೊಂಡು ಕೆರೆ ಏರಿಗಳ ಮೇಲೆ ತಿರುಗಿ, ಈಗ ಬರೆಯುತ್ತಿದ್ದೇನೆ.

ಕಂಪನಿ ಹೆಸರು ಹಾಕುತ್ತಿಲ್ಲ. ಇದೇ ಅಳತೆಯ, ಹೆಚ್ಚುಕಡಿಮೆ ಇದೇ ಬೆಲೆಯ ದುರ್ಬೀನನ್ನು ಹಲವು ಕಂಪನಿಗಳು ಮಾಡುತ್ತವೆ. ಅಂಗಡಿಯಲ್ಲಿ ಮೂರನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನ್ನ ಕಣ್ಣಿಗೆ ಕೂದಲೆಳೆ ವ್ಯತ್ಯಾಸವೂ ಕಾಣಲಿಲ್ಲ. ನಾನು ಹೇಳಬೇಕಾಗಿರೋದು ಅಳತೆಯ ಬಗ್ಗೆ. ನಮ್ಮ ಕೆರೆಗಳಿಗೆ, ಕನ್ನಡಕ ಹಾಕುವ ನನ್ನಂಥವರಿಗೆ, ಈ ಅಳತೆ ಸರಿಯಾಗಿ ಕೂರುತ್ತದೆ.

ಕಣ್ಣಿನಿಂದಲೇ ಶುರು ಮಾಡಬೇಕು. ಮೂರು ವರ್ಷದ ಹಿಂದೆ ಸಂಜೆಯಾದರೆ ಕಣ್ಣು ಉರಿ, ತಲೆನೋವು. ದಿನವಿಡೀ ಒಂದಡಿ ದೂರದಲ್ಲಿ ಸೂಜಿ ನೋಡುವ ಕಸುಬು ನಮ್ಮದು. ಕನ್ನಡಕದ ನಂಬರ್ ಬದಲಾಯಿತು. ಡಾಕ್ಟರು, "ದಿನಾ ಅರ್ಧ ಗಂಟೆಯಾದರೂ ದೂರ ನೋಡಿ" ಅಂದರು. ಅಂಗಡಿ ಮುಂದೆ ನಿಂತರೆ ಎದುರಿನ ಅಂಗಡಿ ಗೋಡೆ ಬಿಟ್ಟು ಇನ್ನೇನು ಕಾಣಬೇಕು? ಬೆಳಗ್ಗೆ ಅಮಾನಿಕೆರೆಗೆ ವಾಕಿಂಗ್ ಹೋಗೋಕೆ ಶುರು ಮಾಡಿದೆ. ಒಂದು ದಿನ ಮುಷ್ಟಿ ಗಾತ್ರದ ಕಂದು ಹಕ್ಕಿಯೊಂದು ನೀರಿನ ಮೇಲಿತ್ತು. ನೋಡ್ತಾ ನೋಡ್ತಾ ಪುಳಕ್ಕನೆ ಮುಳುಗಿತು. ಎಣಿಸಿದೆ. 17 ಎಣಿಸುವಷ್ಟರಲ್ಲಿ ನಾಲ್ಕೈದು ಮಾರು ಆಚೆ ಎದ್ದಿತು. ಅದು ಗುಳುಮುಳುಕ ಅಂತ ಆಮೇಲೆ ತಿಳಿಯಿತು. ಮಾರನೇ ದಿನ ಅದನ್ನೇ ಹುಡುಕಿಕೊಂಡು ಹೋದೆ. ಅದರ ಮಾರನೇ ದಿನವೂ ಹೋದೆ.

ಮೊದಲು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಆನ್‌ಲೈನ್‌ನಲ್ಲಿ 1,900 ರೂಪಾಯಿ ಕೊಟ್ಟು 20×50 ಅಂತ ಬರೆದಿದ್ದ ಒಂದು ದುರ್ಬೀನು ತರಿಸಿದೆ. 20 ಪಟ್ಟು ದೊಡ್ಡದಾಗಿ ಕಾಣುತ್ತೆ ಅಂದರೆ ಅದೇ ಒಳ್ಳೇದು ಅಲ್ವಾ ಅಂದುಕೊಂಡೆ. ಹಕ್ಕಿ ದೊಡ್ಡದಾಗುವುದೇನೋ ನಿಜ. ಆದರೆ ಕೈಯ ನಡುಕವೂ 20 ಪಟ್ಟಾಗುತ್ತದೆ. ಏರಿ ಮೇಲೆ ನಿಂತು ಹಿಡಿದರೆ ಬಾತುಕೋಳಿ ಕುಣಿಯುತ್ತಿತ್ತು. ಒಳಗೆ ಕಾಣುವ ಜಾಗವೂ ಚಿಕ್ಕದು, ಕೀಲಿ ತೂತಿನಲ್ಲಿ ಇಣುಕಿದ ಹಾಗೆ. ಹಕ್ಕಿ ಹಾರಿತು ಅಂದರೆ ಮತ್ತೆ ಸಿಗುವ ಮಾತೇ ಇಲ್ಲ. ಎಲ್ಲಕ್ಕಿಂತ ದೊಡ್ಡ ಕಷ್ಟ ಏನೆಂದರೆ ಒಂದು ಹಕ್ಕಿ ಎರಡಾಗಿ ಕಾಣುತ್ತಿತ್ತು. ಎರಡು ಕೊಳವೆಗಳೂ ಒಂದೇ ಕಡೆ ನೆಟ್ಟಗೆ ನೋಡದಿದ್ದರೆ ಹಾಗಾಗುತ್ತದೆ. ಎಡಗಾಲು ಬಲಗಾಲು ಬೇರೆ ಬೇರೆ ಉದ್ದ ಇರುವ ಪ್ಯಾಂಟಿನ ಥರ. ಹತ್ತು ನಿಮಿಷ ನೋಡಿದರೆ ತಲೆನೋವು, ಅದೂ ತಲೆನೋವು ಕಳೆಯೋಕೆ ಅಂತ ಶುರು ಮಾಡಿದ ಅಭ್ಯಾಸದಲ್ಲಿ. ಮೊದಲ ಮಳೆಗೇ ಒಳಗಡೆ ಮಂಜು ಕಟ್ಟಿತು. ಅದು ಈಗ ಬೀರುವಿನ ಮೇಲಿದೆ.

ಇನ್ನು ಈ ದುರ್ಬೀನಿನ ಅಂಕಿಗಳು. 8 ಅಂದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ: 5.25. ಕಣ್ಣಿನ ಹತ್ತಿರದ ಗಾಜಿನಿಂದ ಹೊರಬರುವ ಬೆಳಕಿನ ಬೊಟ್ಟಿನ ಅಗಲ ಇಷ್ಟು ಮಿಲಿಮೀಟರ್. ದುರ್ಬೀನನ್ನು ಕೈ ನೀಡಿ ದೂರ ಹಿಡಿದು ಆಕಾಶದ ಕಡೆ ತಿರುಗಿಸಿದರೆ ಆ ಬೊಟ್ಟು ನಿಮಗೇ ಕಾಣುತ್ತದೆ. ನಾನು ಸ್ಕೇಲು ಹಿಡಿದು ನೋಡಿದೆ. ಶರ್ಟಿನ ಗುಂಡಿಯ ಅರ್ಧದಷ್ಟಿದೆ. ಹಳೆಯ 20×50ರಲ್ಲಿ ಅದು ಬರೀ 2.5 ಮಿಲಿಮೀಟರ್, ಗುಂಡಿಯ ತೂತಿನಷ್ಟು. ಮಟಮಟ ಮಧ್ಯಾಹ್ನ ಇದರಿಂದ ಏನೂ ವ್ಯತ್ಯಾಸ ಆಗಲ್ಲ, ಯಾಕೆಂದರೆ ಬಿಸಿಲಲ್ಲಿ ನಮ್ಮ ಕಣ್ಣಿನ ಪಾಪೆಯೇ ಚಿಕ್ಕದಾಗಿರುತ್ತದೆ. ಆದರೆ ಕೆರೆ ಹಕ್ಕಿ ನೋಡೋದು ಮಧ್ಯಾಹ್ನ ಅಲ್ಲ. ಬೆಳಗ್ಗೆ ಆರು ಗಂಟೆಗೆ, ಮೋಡ ಕವಿದಾಗ, ಸಂಜೆ ಬೆಳ್ಳಕ್ಕಿ ಮರಕ್ಕೆ ಬರುವಾಗ. ಆಗ ಪಾಪೆ ಅಗಲವಾಗಿರುತ್ತದೆ, ಒಳಗೆ ಬರುವ ಬೆಳಕು ಸಾಲದಿದ್ದರೆ ಎಲ್ಲ ಹಕ್ಕಿಯೂ ಕಪ್ಪೇ. 10×42 ತಗೋ ಅಂತ ಕೆಲವರು ಹೇಳಿದರು. ಅದರ ಬೊಟ್ಟು 4.2. ಕೈ ಗಟ್ಟಿಯಾಗಿ ನಿಲ್ಲುವವರಿಗೆ, ಬಯಲಲ್ಲಿ ಹದ್ದು ಗಿಡುಗ ನೋಡುವವರಿಗೆ ಅದು ಆಗಬಹುದು. ನನಗೆ ಎಂಟೇ ಸರಿ.

ತಗೊಂಡದ್ದು ಕಳೆದ ವರ್ಷ ಆಗಸ್ಟ್‌ನಲ್ಲಿ, ಬೆಂಗಳೂರಿನ ಒಂದು ಅಂಗಡಿಯಲ್ಲಿ, 11,600 ರೂಪಾಯಿಗೆ. ಜೂನ್‌ನ ಯೂನಿಫಾರಂ ಕೆಲಸದಲ್ಲಿ ಉಳಿಸಿದ ದುಡ್ಡು. ಮನೆಯವಳು ಬೆಲೆ ಕೇಳಿ ಸುಮ್ಮನಾದಳು. ಆಮೇಲೆ, "ಕಣ್ಣಿಗೆ ಒಳ್ಳೇದು ಅಂತಿದ್ದರೆ ತಗೊಳ್ಳಿ, ಇನ್ನೊಂದು ಸಾರಿ ಮಾತ್ರ ನೋಡದೆ ತರಿಸಬೇಡಿ" ಅಂದಳು. ಆ ಮಾತು ಉಪಯೋಗಕ್ಕೆ ಬಂತು. ಅಂಗಡಿಯ ಹುಡುಗನನ್ನು ಕೇಳಿ ಹೊರಗೆ ಫುಟ್‌ಪಾತಿಗೆ ತಂದು ನೋಡಿದೆ. ಒಳಗಿನ ಟ್ಯೂಬ್‌ಲೈಟಿನಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತವೆ. ಹೊರಗೆ ಮೂರು ಕೆಲಸ ಮಾಡಿ. ದೂರದ ಬೋರ್ಡಿನ ಅಕ್ಷರ ನೋಡಿ, ಎರಡೆರಡಾಗಿ ಕಂಡರೆ ವಾಪಸ್ ಕೊಡಿ. ಕರೆಂಟ್ ತಂತಿಯನ್ನು ಆಕಾಶದ ಎದುರು ನೋಡಿ, ಅಂಚಿನಲ್ಲಿ ಬಣ್ಣ ಎಷ್ಟು ಕಾಣುತ್ತೆ ಅಂತ. ಆಮೇಲೆ ನೆರಳಿನ ಮೂಲೆ ನೋಡಿ, ಕಟ್ಟಡದ ಸಂದಿಯೋ ಮರದ ಬುಡವೋ, ಅಲ್ಲಿ ಏನಿದೆ ಅಂತ ಕಾಣಬೇಕು. ಸೂರ್ಯನ ಕಡೆ ಮಾತ್ರ ಯಾವತ್ತೂ ತಿರುಗಿಸಬೇಡಿ, ಕಣ್ಣು ಹೋಗುತ್ತದೆ. ಮಕ್ಕಳ ಕೈಗೆ ಕೊಡುವಾಗ ನಾನು ಮೊದಲು ಹೇಳುವ ಮಾತೇ ಇದು.

ಕನ್ನಡಕದವರು ಒಂದು ಅಂಕಿ ನೆನಪಿಟ್ಟುಕೊಳ್ಳಿ. ಪೆಟ್ಟಿಗೆ ಮೇಲೆ ಐ ರಿಲೀಫ್ ಅಂತ ಇರುತ್ತದೆ. ಗಾಜಿನಿಂದ ಕಣ್ಣು ಹೆಚ್ಚೆಂದರೆ ಎಷ್ಟು ದೂರ ಇದ್ದರೆ ಪೂರ್ತಿ ಚಿತ್ರ ಕಾಣುತ್ತದೆ ಅನ್ನುವ ಲೆಕ್ಕ ಅದು. ಕನ್ನಡಕ ಮಧ್ಯೆ ಬರುವುದರಿಂದ 15 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಸುತ್ತಲಿನ ಭಾಗ ಕತ್ತರಿಸಿ ಹೋಗುತ್ತದೆ. ನನ್ನದರಲ್ಲಿ 18 ಇದೆ. ಕಣ್ಣಿನ ಕಡೆಯ ರಬ್ಬರ್ ಬಳೆಗಳನ್ನು ಕನ್ನಡಕದವರು ಒಳಕ್ಕೆ ತಿರುಗಿಸಿಕೊಳ್ಳಬೇಕು, ಬರಿಗಣ್ಣಿನವರು ಹೊರಕ್ಕೆ. ಇದು ಗೊತ್ತಿಲ್ಲದೆ ಎಷ್ಟೋ ಜನ ದುರ್ಬೀನನ್ನು ಬೈಯುತ್ತಾರೆ.

ಬಲಗಣ್ಣಿನ ಹತ್ತಿರ ಇನ್ನೊಂದು ಚಿಕ್ಕ ಬಳೆ ಇದೆ. ಎರಡು ಕಣ್ಣಿನ ನಂಬರ್ ಒಂದೇ ಇರಲ್ಲವಲ್ಲ, ಅದಕ್ಕೆ. ಬಲಗಡೆಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ, ಎಡಗಣ್ಣಿಂದ ನೋಡುತ್ತಾ ಮಧ್ಯದ ಚಕ್ರ ತಿರುಗಿಸಿ ಸ್ಪಷ್ಟ ಮಾಡಿ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ ಬಲಗಡೆಯ ಬಳೆ ಮಾತ್ರ ತಿರುಗಿಸಿ. ಒಮ್ಮೆ ಕೂರಿಸಿದರೆ ಮತ್ತೆ ಅದನ್ನು ಮುಟ್ಟಬೇಕಾಗಿಲ್ಲ. ನಾನು ಆ ಜಾಗಕ್ಕೆ ಬಿಳಿ ಪೇಂಟಿನಲ್ಲಿ ಒಂದು ಚುಕ್ಕೆ ಇಟ್ಟಿದ್ದೇನೆ. ಬೇರೆಯವರು ನೋಡಿ ಕೊಟ್ಟ ಮೇಲೆ ಚುಕ್ಕೆಗೆ ತಂದು ನಿಲ್ಲಿಸಿದರೆ ಆಯಿತು.

ತಗೊಂಡ ಮೇಲೆ ಬಂದದ್ದು ಮಳೆಗಾಲ. ನಮ್ಮ ಕಡೆ ಜೂನ್ ಜುಲೈ ಬರೀ ಗಾಳಿ, ತುಂತುರು. ಕೆರೆಗೆ ನೀರು ಬರೋದು ಹೆಚ್ಚಾಗಿ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ. ಹಸ್ತದ ಮಳೆಯಲ್ಲಿ ಒಂದು ಸಂಜೆ ಬುಗುಡನಹಳ್ಳಿ ಕಡೆಯಿಂದ ಬರುವಾಗ ಪೂರ್ತಿ ನೆನೆದೆ. ದುರ್ಬೀನು ಶರ್ಟಿನ ಒಳಗಿದ್ದರೂ ಅದರ ಮೈಮೇಲೆ ನೀರು ಇಳಿದಿತ್ತು. ಮನೆಗೆ ಬಂದು ಒರೆಸಿ ಫ್ಯಾನಿನ ಕೆಳಗೆ ಇಟ್ಟೆ. ಬೆಳಗ್ಗೆ ನೋಡಿದರೆ ಒಳಗೆ ಒಂದು ಹನಿ ಮಂಜಿಲ್ಲ. ಇದರ ಕೊಳವೆಗಳಲ್ಲಿ ಗಾಳಿ ತೆಗೆದು ನೈಟ್ರೋಜನ್ ತುಂಬಿ ಸೀಲ್ ಮಾಡಿರುತ್ತಾರೆ. ತೇವವೇ ಇಲ್ಲದ ಮೇಲೆ ಮಂಜು ಎಲ್ಲಿಂದ ಬರಬೇಕು? ಪೆಟ್ಟಿಗೆ ಮೇಲೆ ವಾಟರ್‌ಪ್ರೂಫ್ ಅಂತ ಇದ್ದರೆ ಸಾಲದು, ನೈಟ್ರೋಜನ್ ತುಂಬಿದೆಯಾ ಅಂತ ಕೇಳಿ.

ಆ ಮಳೆಗಾಲದಲ್ಲೇ ನಾನು ಜೀವನದಲ್ಲಿ ಮರೆಯದ ಒಂದು ನೋಟ ಕಂಡೆ. ಅದು ನೀರಿನ ಹಕ್ಕಿಯಲ್ಲ. ಮೈದಾಳ ಕೆರೆ ಏರಿಯ ಕೆಳಗೆ ಒಂದು ಬಾದಾಮಿ ಸಸಿ, ಎದೆಯೆತ್ತರ. ಅದರೊಳಗಿಂದ ಟುವ್ವಿ ಟುವ್ವಿ ಟುವ್ವಿ ಅಂತ ಬಿಡದೆ ಕೂಗು. ಅಷ್ಟು ಜೋರು ದನಿ, ಹಕ್ಕಿ ನೋಡಿದರೆ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಬೆನ್ನು ಎಲೆಹಸಿರು, ನೆತ್ತಿ ತುಕ್ಕಿನ ಬಣ್ಣ, ಬಾಲ ನೆಟ್ಟಗೆ ಮೇಲಕ್ಕೆ. ಸಿಂಪಿಗ ಅನ್ನುತ್ತಾರೆ, ಟುವ್ವಿ ಅಂತಲೂ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಅದರ ಹೆಸರು ಟೈಲರ್ ಬರ್ಡ್. ನನ್ನ ಕಸುಬಿನ ಹಕ್ಕಿ. ಈ ದುರ್ಬೀನು 3 ಮೀಟರ್ ಹತ್ತಿರದ ವಸ್ತುವನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ನಾನು ಅದಕ್ಕಿಂತ ದೂರವೇ, ಒಂದು ಜಾಲಿ ಮರದ ಮರೆಯಲ್ಲಿ ನಿಂತೆ.

ಎರಡು ಎಲೆಗಳ ಅಂಚನ್ನು ಕೂಡಿಸಿ ಹೊಲಿದಿತ್ತು. ಒಂದೊಂದು ಹೊಲಿಗೆಯೂ ಕಂಡಿತು. ಎಲೆಯ ಅಂಚಿನಲ್ಲಿ ಕೊಕ್ಕಿನಿಂದ ಚುಚ್ಚಿದ ತೂತು. ತೂತಿನಿಂದ ಬಿಳಿ ಎಳೆ ಹೊರಬಂದಿದೆ, ಹತ್ತಿಯದೋ ಜೇಡರ ಬಲೆಯದೋ. ನಾನು ಹುಡುಕಿದ್ದು ಗಂಟು. ಗಂಟಿಲ್ಲ! ಎಳೆಯ ತುದಿ ತೂತಿನಾಚೆ ಬಿಚ್ಚಿಕೊಂಡು ಹೂವಿನ ಹಾಗೆ ಉಬ್ಬಿದೆ. ಆ ಉಬ್ಬೇ ಎಳೆ ಹಿಂದಕ್ಕೆ ಜಾರದ ಹಾಗೆ ಹಿಡಿದುಕೊಂಡಿದೆ. ನಾವು ದಾರದ ತುದಿಗೆ ಗಂಟು ಹಾಕುತ್ತೇವೆ, ಇದು ದಾರದ ತುದಿಯನ್ನೇ ಹಿಂಜಿ ಗುಂಡಿ ಮಾಡಿಕೊಂಡಿದೆ. ಎಲೆ ಕಿತ್ತಿಲ್ಲ, ಗಿಡದಲ್ಲೇ ಹಸಿರಾಗಿದೆ, ಹೊರಗಿನಿಂದ ನೋಡಿದರೆ ಗೂಡು ಅಂತ ಗೊತ್ತೇ ಆಗಲ್ಲ. ಎರಡು ನಿಮಿಷ ನೋಡಿ ಹೊರಟುಬಿಟ್ಟೆ. ಗೂಡಿನ ಹತ್ತಿರ ನಾವು ನಿಂತಷ್ಟು ಹೊತ್ತು ತಾಯಿ ಒಳಗೆ ಹೋಗಲ್ಲ. ಆ ದಿನ ಅಂಗಡಿಗೆ ಬಂದು ಕಾಜ ಹೊಲಿಯುವಾಗ ಕೈ ತಾನಾಗೇ ನಿಧಾನವಾಯಿತು. ಕೆಲಸ ಕಲಿಯುವ ಹುಡುಗ, "ಏನಣ್ಣಾ, ಹುಷಾರಿಲ್ವಾ?" ಅಂತ ಕೇಳಿದ. ಅವನಿಗೆ ಎಲ್ಲ ಹೇಳಿದೆ. ಮುಂದಿನ ಭಾನುವಾರ ಅವನೂ ಬಂದ.

ದುರ್ಬೀನಿನ ನಿಜವಾದ ಪರೀಕ್ಷೆ ಚಳಿಗಾಲದಲ್ಲಿ. ದೀಪಾವಳಿ ಬಟ್ಟೆ ಮುಗಿಸಿ ಕೊಟ್ಟು ಉಸಿರು ಬಿಡುವ ಹೊತ್ತಿಗೆ ಉತ್ತರದ ಹಕ್ಕಿಗಳು ಬಂದಿರುತ್ತವೆ. ಡಿಸೆಂಬರ್‌ನ ಒಂದು ಭಾನುವಾರ ಆರೂಕಾಲಿಗೆ ಮೈದಾಳದಲ್ಲಿದ್ದೆ. ನೀರಿನ ಮೇಲೆ ಹೊಗೆಯ ಹಾಗೆ ಮಂಜು. ಬರಿಗಣ್ಣಿಗೆ ಕಂಡದ್ದು ಕಪ್ಪು ಉಂಡೆಗಳು ಅಷ್ಟೆ. ದುರ್ಬೀನು ಎತ್ತಿದೆ. ಮೊದಲು ನಾಮದ ಕೋಳಿಗಳು, ಕಪ್ಪು ಮೈಗೆ ಹಣೆಯ ಮೇಲೆ ಬಿಳಿ ನಾಮ. ಅವುಗಳ ಆಚೆ ಬೇರೆ ಆಕಾರ, ಕತ್ತು ಉದ್ದ. ಬೆಳಕು ಏರುತ್ತಾ ಬಂದಂತೆ ಕತ್ತಿನ ಪಕ್ಕದಲ್ಲಿ ಒಂದು ಬಿಳಿ ಗೆರೆ ಮೂಡಿತು, ಎದೆಯಿಂದ ಎದ್ದು ಕಿವಿಯ ಹಿಂದೆ ಸಣ್ಣದಾಗಿ ಮುಗಿಯುವ ಗೆರೆ. ತಲೆ ಕಾಫಿ ಬೀಜದ ಬಣ್ಣ. ಹಿಂದೆ ಬಾಲ, ಡಬ್ಬಳದ ಹಾಗೆ ಚೂಪು. ಸೂಜಿಬಾಲದ ಬಾತು. ಅದು ತಲೆ ನೀರಿಗೆ ಹಾಕಿ ಬಾಲ ಮೇಲೆತ್ತಿದಾಗ ಆ ಸೂಜಿಯ ತುದಿಯಿಂದ ನೀರು ತೊಟ್ಟಿಕ್ಕುವುದು ಕಂಡಿತು. ಇಷ್ಟು ಮಬ್ಬಿನಲ್ಲಿ ಆ ಕಂದು ಕಂಡದ್ದು 5.25ರ ಕೃಪೆ. ಹಳೆಯದರಲ್ಲಿ ಅದೂ ಕಪ್ಪೇ ಆಗಿರುತ್ತಿತ್ತು.

ಒಂದು ವಿಷಯ ಯಾರೂ ನನಗೆ ಹೇಳಿರಲಿಲ್ಲ. ಅಕ್ಟೋಬರ್ ಕೊನೆಗೆ ಇದೇ ಬಾತುಗಳನ್ನು ನೋಡಿ ಎಲ್ಲವೂ ಹೆಣ್ಣು ಅಂತ ಅಳತೆ ಪುಸ್ತಕದ ಹಿಂದೆ ಬರೆದುಕೊಂಡಿದ್ದೆ. ಅದು ತಪ್ಪು. ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡು ಬಾತುಗಳು ಬಣ್ಣದ ಗರಿ ಕಳಚಿ ಹೆಣ್ಣಿನ ಹಾಗೇ ಮಂಕಾಗಿರುತ್ತವೆ. ನಮ್ಮ ಕೆರೆಗೆ ಬರುವಾಗ ಹಲವು ಗಂಡುಗಳು ಅದೇ ಹಳೇ ಬಟ್ಟೆಯಲ್ಲೇ ಇರುತ್ತವೆ. ಆಮೇಲೆ ಇಲ್ಲೇ, ನಮ್ಮ ಕಣ್ಣೆದುರೇ, ಹೊಸ ಗರಿ ಹಾಕಿಕೊಳ್ಳುತ್ತವೆ. ನವೆಂಬರ್‌ನಲ್ಲಿ ಅರ್ಧ ಕಂದು ಅರ್ಧ ಬಿಳಿ ಕತ್ತು, ಡಿಸೆಂಬರ್‌ಗೆ ಪೂರ್ತಿ. ವಾರ ವಾರ ಅದೇ ಕೆರೆಗೆ ಹೋದವನಿಗೆ ಮಾತ್ರ ಇದು ಕಾಣೋದು. ದೂರದ ಅಭಯಾರಣ್ಯಕ್ಕೆ ವರ್ಷಕ್ಕೊಮ್ಮೆ ಹೋಗಿ ಬರುವುದಕ್ಕಿಂತ ಊರ ಕೆರೆಗೆ ಇಪ್ಪತ್ತು ಸಾರಿ ಹೋಗೋದು ನನಗೆ ಜಾಸ್ತಿ ಇಷ್ಟ ಆಗೋಕೆ ಇದೇ ಕಾರಣ.

ಅಲ್ಲೇ ಮೀನು ಹಿಡಿಯುವ ಯಜಮಾನರೊಬ್ಬರು ನಾನು ಹೋದಾಗಲೆಲ್ಲ ನನ್ನನ್ನು ನೋಡುತ್ತಿದ್ದರು. ಮೊದಲ ದಿನ, "ಏನ್ ಸಾಮಿ, ಸರ್ವೆನಾ?" ಅಂದರು. ಹಕ್ಕಿ ನೋಡ್ತೀನಿ ಅಂದೆ. "ಕೊಡಿ ನೋಡಾನ" ಅಂದರು. ಅವರ ಕಣ್ಣುಗಳ ಅಂತರಕ್ಕೆ ಮಧ್ಯದ ಕೀಲು ಮಡಚಿ, ಎರಡು ವೃತ್ತ ಒಂದಾಗುವ ತನಕ ಸರಿಮಾಡಿ ಕೊಟ್ಟೆ. ನಾಮದ ಕೋಳಿಯನ್ನೇ ಬಹಳ ಹೊತ್ತು ನೋಡಿದರು. "ಇದರ ಕಣ್ಣು ಕೆಂಪು ಕಣಣ್ಣಾ! ನಲವತ್ತು ವರ್ಷದಿಂದ ಇದರ ಜೊತೆಗೇ ಇದೀನಿ, ಗೊತ್ತೇ ಇರ್ಲಿಲ್ಲ" ಅಂದರು. ಆಮೇಲೆ ಫೆಬ್ರವರಿಯಲ್ಲಿ ಒಂದು ನೀರುಕಾಗೆ ಹೊಂಡದ ಆಚೆ ಜೊಂಡಿನಲ್ಲಿ ರೆಕ್ಕೆ ಬಡಿಯುತ್ತಿತ್ತು. ದೂರದಿಂದ ರೆಕ್ಕೆ ಒಣಗಿಸುತ್ತಿದೆ ಅನ್ನಿಸುತ್ತದೆ, ನೀರುಕಾಗೆಗೆ ಆ ಅಭ್ಯಾಸ ಇದೆ. ದುರ್ಬೀನಿನಲ್ಲಿ ನೋಡಿದರೆ ಕಾಲಿಗೆ ನೈಲಾನ್ ಬಲೆಯ ತುಂಡು ಸುತ್ತಿಕೊಂಡಿದೆ. ಅವರಿಗೆ ತೋರಿಸಿದೆ. ಒಂದು ಮಾತೂ ಆಡದೆ ತೆಪ್ಪ ಹಾಕಿಕೊಂಡು ಹೋಗಿ, ಹೆಗಲ ಮೇಲಿನ ಟವೆಲ್ಲನ್ನು ಹಕ್ಕಿಯ ಮೇಲೆ ಹಾಕಿ ಹಿಡಿದು, ಬ್ಲೇಡಿನಲ್ಲಿ ಎಳೆ ಕೊಯ್ದು ಬಿಟ್ಟರು. ಹರಿದ ಬಲೆಯನ್ನು ದಯವಿಟ್ಟು ನೀರಲ್ಲಿ ಬಿಡಬೇಡಿ. ನೈಲಾನ್ ಕೊಳೆಯಲ್ಲ. ನನ್ನ ಅಂಗಡಿಯ ದಾರ ಪಾಲಿಯೆಸ್ಟರ್, ಅದೂ ಕೊಳೆಯಲ್ಲ, ಆ ದಿನದಿಂದ ದಾರದ ತುಂಡುಗಳನ್ನೆಲ್ಲ ಒಂದು ಡಬ್ಬಕ್ಕೆ ಹಾಕುತ್ತಿದ್ದೇನೆ.

ಮಾರ್ಚ್‌ನಲ್ಲಿ ಕಗ್ಗಲಡುಗೆ ಹೋಗಿದ್ದೆವು, ಶಿರಾ ತಾಲ್ಲೂಕು. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳ ಗೂಡು. ಕೆಳಗೆ ಮನೆ, ಜನ, ದನ. ಮರಗಳನ್ನು ಕಡಿಯದೆ, ಹಕ್ಕಿಗೆ ಕಲ್ಲು ಹೊಡೆಯೋಕೆ ಬಿಡದೆ ಊರಿನವರು ಕಾಪಾಡಿಕೊಂಡು ಬಂದಿದ್ದಾರೆ. ಇಲ್ಲಿ ದುರ್ಬೀನು ಬೇಕೇ ಬೇಕು ಅಂತಿಲ್ಲ, ಹಕ್ಕಿ ತಲೆ ಮೇಲೇ ಇರುತ್ತದೆ. ಆದರೂ ಎತ್ತಿ ನೋಡಿ. ಹಳದಿ ಕೊಕ್ಕಿನ ತುದಿ ಸ್ವಲ್ಪ ಕೆಳಕ್ಕೆ ಬಾಗಿರೋದು, ಕಿತ್ತಳೆ ಬಣ್ಣದ ಬೋಳು ಮುಖ, ಎದೆಯ ಮೇಲೆ ಕಪ್ಪು ಪಟ್ಟಿ, ರೆಕ್ಕೆಯ ಹಿಂಭಾಗದ ಗುಲಾಬಿ. ಹನ್ನೊಂದರ ಬಿಸಿಲಿಗೆ ಒಂದು ತಾಯಿ ರೆಕ್ಕೆ ಅರ್ಧ ಬಿಚ್ಚಿ ಮರಿಗಳಿಗೆ ನೆರಳು ಹಿಡಿದು ನಿಂತಿತ್ತು. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು, ಜಾಗ ಮಾತ್ರ ಬಿಡಲಿಲ್ಲ. ಮರಿಗಳದ್ದು ಒಂದೇ ಗಲಾಟೆ. ದೊಡ್ಡವಕ್ಕೆ ಕೂಗುವ ದನಿಯೇ ಇಲ್ಲ, ಕೊಕ್ಕು ಕಟಕಟ ಬಡಿಯುತ್ತವೆ ಅಷ್ಟೆ. ನಾನು ಕತ್ತು ನೋವು ಬರುವ ತನಕ ನೋಡಿದೆ.

ಬೇಸಿಗೆಯ ಬಗ್ಗೆ ಒಂದು ಎಚ್ಚರಿಕೆ. ಏಪ್ರಿಲ್ ಮೇ ತಿಂಗಳಲ್ಲಿ ಎಂಟೂವರೆ ದಾಟಿದರೆ ಒಣಗಿದ ಕೆರೆ ಅಂಗಳದಿಂದ ಝಳ ಏಳುತ್ತದೆ. ಆಗ ಮೆಟ್ಟುಗಾಲು ಹಕ್ಕಿಯ ಗುಲಾಬಿ ಕಾಲುಗಳು ನೀರಲ್ಲಿ ಅಲುಗಿದ ಹಾಗೆ ಕಾಣುತ್ತವೆ. ಅದು ದುರ್ಬೀನಿನ ದೋಷ ಅಲ್ಲ. ಲಕ್ಷ ರೂಪಾಯಿಯದು ತಂದರೂ ಅಷ್ಟೇ. ಬೇಗ ಹೋಗಿ ಬೇಗ ಬನ್ನಿ. ನೀರು ಕುಗ್ಗಿದಷ್ಟೂ ಹಕ್ಕಿ ಒಂದೇ ಕಡೆ ಸೇರುವುದರಿಂದ ಬೇಸಿಗೆಯಲ್ಲಿ ನೋಡೋದು ಸುಲಭವೂ ಹೌದು.

ಈಗ ಕೊರತೆಗಳು. ಚಿತ್ರದ ಮಧ್ಯಭಾಗ ಗಾಜಿನಷ್ಟು ಶುದ್ಧ, ಆದರೆ ಅಂಚಿಗೆ ಹೋದಂತೆ ಮಸುಕು. ಹಕ್ಕಿಯನ್ನು ಮಧ್ಯಕ್ಕೆ ತಂದುಕೊಳ್ಳಬೇಕು. ಜೋರು ಬಿಸಿಲಲ್ಲಿ ಬೆಳ್ಳಕ್ಕಿ ನೋಡಿದರೆ ಬಿಳಿ ಮೈಯ ಸುತ್ತ ನೇರಳೆ ದಾರದಲ್ಲಿ ಓವರ್‌ಲಾಕ್ ಮಾಡಿದ ಹಾಗೆ ಒಂದು ಅಂಚು ಕಾಣುತ್ತದೆ. ಈ ಬೆಲೆಗೆ ಅದನ್ನು ಒಪ್ಪಿಕೊಳ್ಳಬೇಕು. ಮಧ್ಯದ ಚಕ್ರ ಮೊದಲ ಎರಡು ತಿಂಗಳು ಬಿಗಿಯಿತ್ತು, ಈಗ ಹದಕ್ಕೆ ಬಂದಿದೆ. ಎಡಗಡೆಯ ರಬ್ಬರ್ ಬಳೆ ಸಡಿಲವಾಗಿ ತಾನಾಗೇ ತಿರುಗುತ್ತದೆ, ಒಂದು ಸುತ್ತು ತೆಳು ಎಲಾಸ್ಟಿಕ್ ಹಾಕಿದ್ದೇನೆ. ಮುಂದಿನ ಗಾಜಿನ ಮುಚ್ಚಳ ಒಂದು ಮೊದಲ ತಿಂಗಳೇ ಕೆರೆ ಪಾಲಾಯಿತು. ಉಳಿದ ಒಂದಕ್ಕೆ ದಾರ ಕಟ್ಟಿದೆ.

ದೂರದ ಸಣ್ಣ ಹಕ್ಕಿಗೆ ಇದು ಸಾಲದು. ಕುಣಿಗಲ್ ದೊಡ್ಡಕೆರೆಯಂಥ ದೊಡ್ಡ ನೀರಿನಲ್ಲಿ ಆಚೆ ದಡದಲ್ಲಿ ಓಡಾಡುವ ಗದ್ದೆಗೊರವಗಳಲ್ಲಿ ಯಾವುದು ಯಾವುದು ಅಂತ ಹೇಳೋಕಾಗಲ್ಲ. ಅದಕ್ಕೆ ಸ್ಟ್ಯಾಂಡ್ ಮೇಲೆ ನಿಲ್ಲಿಸುವ ಸ್ಪಾಟಿಂಗ್ ಸ್ಕೋಪ್ ಬೇಕು. ಹೆಜ್ಜಾರ್ಲೆ, ಬೂದು ಬಕ, ಗರುಡ ಇಂಥ ದೊಡ್ಡ ಹಕ್ಕಿಗಳನ್ನು ಸಾಕಷ್ಟು ದೂರದಿಂದಲೂ ಗುರುತಿಸಬಹುದು. ಫೋಟೋ ಬೇಕು ಅನ್ನುವವರು ಈ ದುಡ್ಡಿಗೆ ದುರ್ಬೀನು ತಗೊಳ್ಳಬೇಡಿ, ಕ್ಯಾಮೆರಾ ತಗೊಳ್ಳಿ. ನನಗೆ ಫೋಟೋ ಬೇಡ. ಕಣ್ಣು ತುಂಬಾ ನೋಡಿ ಮನೆಗೆ ಬಂದು ಬರೆದುಕೊಂಡರೆ ಸಾಕು. ಹೆಸರು ಹುಡುಕೋಕೆ ಫೋನಿನಲ್ಲಿ ಮರ್ಲಿನ್ ಅನ್ನುವ ಉಚಿತ ಆ್ಯಪ್ ಇದೆ, ಕೂಗು ಕೇಳಿಸಿಕೊಂಡು ಹೆಸರು ಹೇಳುತ್ತದೆ. ಅದು ಹೇಳಿದ್ದನ್ನು ಕಣ್ಣಿನಿಂದ ನೋಡಿ ಖಚಿತ ಮಾಡಿಕೊಳ್ಳಿ.

ಗಾಜು ಒರೆಸುವ ವಿಷಯ. ಶರ್ಟಿನ ತುದಿಯಿಂದ ಒರೆಸಬೇಡಿ. ಬಟ್ಟೆಯ ಗುಣ ನನಗೆ ಗೊತ್ತಿದೆ, ಎಷ್ಟೇ ಮೆತ್ತಗಿದ್ದರೂ ನೂಲಿನ ಸಂದಿಯಲ್ಲಿ ದೂಳು ಕೂತಿರುತ್ತದೆ, ಅದು ಗಾಜಿನ ಮೇಲಿನ ಲೇಪವನ್ನು ಗೀರುತ್ತದೆ. ಆ ಹಸಿರು ನೇರಳೆ ಮಿಂಚು ಇದೆಯಲ್ಲ, ಅದೇ ಲೇಪ. ಬೆಳಕು ವಾಪಸ್ ಹೋಗದ ಹಾಗೆ ತಡೆಯೋದು ಅದು. ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಿ ದೂಳು ಹಾರಿಸಿ, ಆಮೇಲೆ ಕನ್ನಡಕದ ಜೊತೆ ಕೊಡುವ ಬಟ್ಟೆಯಲ್ಲಿ ಹಗುರಾಗಿ. ಮಳೆಗಾಲದಲ್ಲಿ ಚೀಲದಲ್ಲಿ ಮುಚ್ಚಿಡಬೇಡಿ, ಗಾಜಿಗೆ ಬೂಷ್ಟು ಹಿಡಿಯುತ್ತದೆ. ದುರ್ಬೀನಿಡುವ ಜಾಗದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿಟ್ಟಿದ್ದೇನೆ.

ಎಲ್ಲಕ್ಕಿಂತ ಕೆಟ್ಟದ್ದು ಇದರ ಜೊತೆ ಬಂದ ಪಟ್ಟಿ. ದುರ್ಬೀನು 600 ಗ್ರಾಂ ಹತ್ತಿರ ಇದೆ, ಪಟ್ಟಿ ಒಂದು ಬೆರಳಗಲ. ಎರಡು ಗಂಟೆ ನಡೆದರೆ ಕತ್ತಿನ ಹಿಂದೆ ಗೆರೆ ಬೀಳುತ್ತದೆ, ಬಗ್ಗಿದರೆ ಜೋಲಾಡಿ ಎದೆಗೆ ಬಡಿಯುತ್ತದೆ. ಅದನ್ನು ಬಿಚ್ಚಿ ಎಸೆದು ನಾನೇ ಹೆಗಲ ಪಟ್ಟಿ ಹೊಲಿದುಕೊಂಡೆ. ಸ್ಕೂಲ್ ಬ್ಯಾಗಿನ ಹಾಗೆ ಎರಡು ಹೆಗಲ ಮೇಲೂ ಬಂದು, ಬೆನ್ನಲ್ಲಿ ಅಡ್ಡ ದಾಟಿ, ಕಂಕುಳ ಕೆಳಗಿನಿಂದ ಮತ್ತೆ ಮುಂದಕ್ಕೆ ಬರುತ್ತದೆ. ಭಾರವೆಲ್ಲ ಹೆಗಲಿಗೆ, ಕತ್ತಿಗೆ ಏನೂ ಇಲ್ಲ. ಬೈಕಿನಲ್ಲೂ ಅಲುಗಲ್ಲ. ಅಳತೆ ಕೊಡುತ್ತೇನೆ, ನಿಮ್ಮ ಊರಿನ ಯಾವ ಟೈಲರ್ ಬೇಕಾದರೂ ಅರ್ಧ ಗಂಟೆಯಲ್ಲಿ ಹೊಲಿದು ಕೊಡುತ್ತಾರೆ. ಒಂದಿಂಚು ಅಗಲದ ಹತ್ತಿ ನವಾರು, ಎರಡು ತುಂಡು, ಒಂದೊಂದು 44 ಇಂಚು. ದಪ್ಪ ಮೈಯವರಿಗೆ 50. ಬೆನ್ನಲ್ಲಿ ದಾಟುವ ಜಾಗಕ್ಕೆ ಮೂರಿಂಚು ಚೌಕದ ಕ್ಯಾನ್ವಾಸ್ ತುಂಡು, ನಾಲ್ಕೂ ಬದಿ ಹೊಲಿದು ಮಧ್ಯೆ ಅಡ್ಡಡ್ಡ ಗುಣಾಕಾರದ ಹೊಲಿಗೆ. ಉದ್ದ ಸರಿಮಾಡೋಕೆ ಬ್ಯಾಗಿನ ಪ್ಲಾಸ್ಟಿಕ್ ಬಕಲ್ ಎರಡು. ದುರ್ಬೀನಿನ ಕಿವಿಗೆ ಸಿಕ್ಕಿಸೋಕೆ ತುದಿಯಲ್ಲಿ ಅರ್ಧ ಇಂಚಿನ ಪಟ್ಟಿ, ಅದಕ್ಕೆ ಮಾತ್ರ ನೈಲಾನ್ ದಾರ ಹಾಕಿಸಿ, ಹೊಲಿಗೆ ಮೂರು ಸಾಲು. ಹಾಕಿಕೊಂಡಾಗ ದುರ್ಬೀನು ಎದೆಯ ಮೂರನೇ ಗುಂಡಿಯ ಹತ್ತಿರ ನಿಲ್ಲಬೇಕು. ಅಲ್ಲಿಂದ ಕಣ್ಣಿಗೆ ಎತ್ತುವಾಗ ಹೆಗಲಲ್ಲಿ ಎಳೆತ ಬಂದರೆ ಬಕಲ್‌ನಲ್ಲಿ ಎರಡಿಂಚು ಬಿಡಿ.